ಅನ್ನ ಇದ್ದಾಗ ಸಾರಿಲ್ಲ, ಸಾರು ಬಂದಾಗ ಅನ್ನ ಇಲ್ಲ

ಅನ್‌ಲಿಮಿಟೆಡ್ ಊಟ ಅಂತ ಬೋರ್ಡ್ ಹಾಕಿದ ಮೇಲೆ ಎರಡನೇ ಸಲ ಸಾರು ಬಡಿಸಲು ಒಬ್ಬರನ್ನಾದರೂ ಇಡಬೇಕು ಅಲ್ವಾ? ಮಧ್ಯಾಹ್ನದಿಂದ ಇದೇ ಸಿಟ್ಟು. ಬರೆಯದೆ ಇದ್ದರೆ ಇವತ್ತು ನಿದ್ದೆ ಬರುವುದಿಲ್ಲ.

ದಕ್ಷಿಣ ಬೆಂಗಳೂರಿನ ಒಂದು ಹೋಟೆಲ್. ಹೆಸರು ಬೇಡ. ಭಾನುವಾರ ಬಂತೆಂದರೆ ಬಾಗಿಲಲ್ಲಿ ಜಾತ್ರೆ. ಒಳಗೆ ಗದ್ದಲ, ಮಕ್ಕಳ ಓಡಾಟ, ಇಂಗಿನ ಒಗ್ಗರಣೆಯ ಘಮ. ಅಡುಗೆ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ತುಂಬಾ ಚೆನ್ನಾಗಿತ್ತು. ಬೂದುಗುಂಬಳದ ಮಜ್ಜಿಗೆ ಹುಳಿ ಹದವಾಗಿತ್ತು, ಹುಳಿ ಮೊಸರು ಹಾಕಿ ಕೆಡಿಸಿರಲಿಲ್ಲ. ಹುರುಳಿಕಾಯಿ ಪಲ್ಯಕ್ಕೆ ಆಗ ತಾನೇ ತುರಿದ ಕಾಯಿ. ಮೆಣಸಿನ ಸಾರಂತೂ ಮೊದಲ ತುತ್ತಿಗೇ ಗಂಟಲು ಬಿಚ್ಚಿತು. ಆ ಅಡುಗೆಯವರು ಯಾರೋ, ಅವರ ಕೈಗೆ ನಮಸ್ಕಾರ.

ಅದಕ್ಕೇ ಹೊಟ್ಟೆ ಉರಿಯುವುದು. ಅಷ್ಟು ಒಳ್ಳೆ ಸಾರು ಒಂದೇ ಸೌಟು ಸಿಕ್ಕಿತು. ಅಮ್ಮ ಇನ್ನೊಂದು ಸಲ ಕೇಳಿದರು. "ಬಂತಮ್ಮಾ" ಅಂದ ಹುಡುಗ ಹೋದವನು ಹೋದ. ಎಲೆಯ ಮೇಲಿನ ಅನ್ನ ಆರಿತು, ಅಮ್ಮನ ಕೈ ಒಣಗಿತು. ನಾನು ಕೈ ಎತ್ತಿದೆ, ಕೂಗಿದೆ, ಎದ್ದು ಹೋಗಿ ಹೇಳಿ ಬಂದೆ. ಕೊನೆಗೆ ಅಮ್ಮ ಬರೀ ಉಪ್ಪಿನಕಾಯಿ ಕಲಸಿ ಆ ಅನ್ನ ಮುಗಿಸಿದರು. ಆಮೇಲೆ ಸಾರಿನ ಬಕೆಟ್ ಬಂತು. ಈಗ ಅನ್ನ ಇಲ್ಲ. ಅನ್ನಕ್ಕೆ ಮತ್ತೆ ಕಾಯಬೇಕು. ಅಷ್ಟರಲ್ಲಿ ಹಿಂದೆ ನಿಂತವರೊಬ್ಬರು ಅಮ್ಮನ ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದರು, ಯಾವಾಗ ಏಳುತ್ತಾರೋ ಅಂತ. ಅಮ್ಮ ಎಲೆ ಮಡಿಚಿಬಿಟ್ಟರು. "ಸಾಕು ಬಿಡೋ, ಹೊಟ್ಟೆ ತುಂಬ್ತು" ಅಂದರು. ತುಂಬಿರಲಿಲ್ಲ.

ನಮ್ಮಪ್ಪ ಹಾಸನದ ಕಡೆ ಮದುವೆ ಅಡುಗೆ ಕಂಟ್ರಾಕ್ಟ್ ಮಾಡುತ್ತಿದ್ದದ್ದು ನಿಮಗೆಲ್ಲ ಗೊತ್ತೇ ಇದೆ. ನಾವು ಮಕ್ಕಳು ಪಂಕ್ತಿಯಲ್ಲಿ ನೀರು ಬಡಿಸಿಯೇ ಬೆಳೆದವರು. ಅಪ್ಪ ಬಡಿಸುವವರಿಗೆ ಹೇಳುತ್ತಿದ್ದದ್ದು ಒಂದೇ ಮಾತು: "ಎಲೆ ನೋಡ್ಕೊಂಡು ಹೋಗ್ರೋ, ಯಾರೂ ಬಾಯಿ ಬಿಟ್ಟು ಕೇಳೋ ಹಾಗೆ ಆಗ್ಬಾರ್ದು." ಉಪ್ಪು, ಕೋಸಂಬರಿ, ಪಲ್ಯ ಆದ ಮೇಲೆ ಅನ್ನ, ತೊವ್ವೆ. ತುಪ್ಪ ಬೀಳುವ ತನಕ ಯಾರೂ ಕೈ ಹಾಕುವುದಿಲ್ಲ. ಅನ್ನದವನ ಹಿಂದೆಯೇ ಸಾರಿನವನು. ಇಬ್ಬರ ನಡುವೆ ನಾಲ್ಕು ಎಲೆಗಿಂತ ಜಾಸ್ತಿ ಅಂತರ ಬಿದ್ದರೆ ಅಪ್ಪ ಅಲ್ಲಿಂದಲೇ ಗದರುತ್ತಿದ್ದರು. ಮುನ್ನೂರು ಜನದ ಪಂಕ್ತಿಯಲ್ಲಿ ಇದು ನಡೆಯುತ್ತಿತ್ತು. ಇಲ್ಲಿ ಇರುವುದು ಇಪ್ಪತ್ತು ಟೇಬಲ್.

"ರುಚಿ ಇದೆಯಲ್ಲ, ಸರ್ವಿಸ್ ಯಾಕೆ ನೋಡ್ತೀಯ" ಅಂತ ಕೆಲವರು ಹೇಳುತ್ತಾರೆ. ಈ ಮಾತು ನನಗೆ ಒಪ್ಪಿಗೆ ಇಲ್ಲ. ದೋಸೆ ತಟ್ಟೆಗೆ ಬಂದರೆ ಮುಗಿಯಿತು. ಎಲೆ ಊಟ ಹಾಗಲ್ಲ. ಸಾರು ಅನ್ನದ ಮೇಲೆ ಬಿಸಿಬಿಸಿಯಾಗಿ ಬೀಳಬೇಕು, ಆಗಲೇ ಅದು ಸಾರು. ಬಡಿಸುವುದು ತಪ್ಪಿದರೆ ಅಡುಗೆಯೇ ಕೆಟ್ಟಂತೆ.

ರಶ್ ಅನ್ನುವ ನೆಪವನ್ನೂ ನಾನು ಕೇಳುವುದಿಲ್ಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ಇದೆ, ಭಾನುವಾರ ಬೆಳಗ್ಗೆ ಅಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಆದರೂ ಸಪ್ಲೈಯರ್ ಕೈ ತುಂಬ ದೋಸೆ ತಟ್ಟೆ ಜೋಡಿಸಿಕೊಂಡು ಬಂದು ಯಾರಿಗೆ ಏನು ಅಂತ ನೆನಪಿಟ್ಟು ಇಡುತ್ತಾರೆ. ಎಂಬತ್ತರ ದಶಕದಲ್ಲಿ ಶುರುವಾದ ದರ್ಶಿನಿಗಳ ಬಗ್ಗೆಯೂ ನನಗೆ ದೂರಿಲ್ಲ. ಅಲ್ಲಿ ಬಡಿಸುತ್ತೇವೆ ಅಂತ ಯಾರೂ ಹೇಳುವುದಿಲ್ಲ. ಟೋಕನ್ ತಗೊಂಡು, ನಿಂತು ತಿಂದು ಹೋಗುತ್ತೇವೆ. ಕೂರಿಸಿ, ಎಲೆ ಹಾಕಿ, ಅದಕ್ಕೆ ತಕ್ಕ ದುಡ್ಡು ತಗೊಂಡ ಮೇಲೆ ಬಡಿಸಲೇಬೇಕು.

ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಇಪ್ಪತ್ತು ವಯಸ್ಸೂ ಇರಲಿಕ್ಕಿಲ್ಲ. ಒಬ್ಬನೇ ಆರು ಟೇಬಲ್ ನೋಡಬೇಕು, ಎಲೆ ಎತ್ತಬೇಕು, ಬಿಲ್ ತರಬೇಕು. ಬೆವರಿಳಿಯುತ್ತಿತ್ತು. ಅದೇ ಹೊತ್ತಿಗೆ ಪಾರ್ಸೆಲ್ ಕೌಂಟರಿನಲ್ಲಿ ಮೂರು ಜನ ಸಾರು, ಹುಳಿ ಡಬ್ಬಿಗೆ ತುಂಬುತ್ತಿದ್ದರು, ಡೆಲಿವರಿಯವರು ಸಾಲಾಗಿ ನಿಂತಿದ್ದರು. ಅಂದರೆ ಸಾರು ಇತ್ತು, ಕೆಲಸದವರೂ ಇದ್ದರು. ಕೂತವರ ಕಡೆ ಕಳಿಸಲಿಲ್ಲ, ಅಷ್ಟೇ. ಈ ಲೆಕ್ಕ ಹಾಕಿದ್ದು ಗಲ್ಲಾಪೆಟ್ಟಿಗೆ ಮುಂದೆ ಕೂತವರು.

ಬಿಲ್ಲಿನಲ್ಲಿ ಜಿಎಸ್‌ಟಿ 5% ಸರಿ, ಅದರ ಮೇಲೆ ಸರ್ವಿಸ್ ಚಾರ್ಜ್ ಹಾಕಿದ್ದರು. ಅದನ್ನು ತೆಗೆಯಿರಿ ಅಂದೆ, ಗೊಣಗುತ್ತಾ ತೆಗೆದರು. ಬಿಲ್ಲಿಗೆ ತಾನಾಗಿ ಸರ್ವಿಸ್ ಚಾರ್ಜ್ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ಕೊಡುವುದು ಬಿಡುವುದು ನಮ್ಮಿಷ್ಟ. ಸುಮ್ನೆ ಕಟ್ಟಿ ಬರಬೇಡಿ. ಆ ಹುಡುಗನ ಕೈಗೆ ನಾನೇ ಬೇರೆ ಕೊಟ್ಟು ಬಂದೆ.

ಇನ್ನೊಂದು ವಿಷಯ ಹೇಳಬೇಕು. ಅಪ್ಪನ ಕಾಲದಲ್ಲಿ ಅಮ್ಮ ಯಾವ ಮದುವೆಯಲ್ಲೂ ಮೊದಲ ಪಂಕ್ತಿಗೆ ಕೂತವರಲ್ಲ. ಎಲ್ಲರದ್ದೂ ಮುಗಿದ ಮೇಲೆ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಅಡುಗೆ ಮನೆಯಲ್ಲೇ ಕೂತು ಉಣ್ಣುತ್ತಿದ್ದರು. ಒಂದು ದಿನವಾದರೂ ಯಾರಾದರೂ ಅಮ್ಮನನ್ನು ಕೂರಿಸಿ, ಸಾಕು ಸಾಕು ಅನ್ನುವ ತನಕ ಬಡಿಸಲಿ ಅಂತಲೇ ಕರೆದುಕೊಂಡು ಹೋಗಿದ್ದೆ. ಬರುವಾಗ ಆಟೋದಲ್ಲಿ ಅಮ್ಮ ಆ ಸಾರನ್ನೇ ಹೊಗಳುತ್ತಿದ್ದರು. ನನಗೆ ಮಾತೇ ಹೊರಡಲಿಲ್ಲ.

ಬಸವನಗುಡಿ, ಜಯನಗರ, ಹನುಮಂತನಗರದ ಕಡೆ, ಕೇಳುವ ಮೊದಲೇ ಎಲೆ ನೋಡಿ ಬಡಿಸುವ ಜಾಗ ನಿಮಗೆ ಗೊತ್ತಿದ್ದರೆ ದಯವಿಟ್ಟು ಹೇಳಿ. ಅಡುಗೆ ಸ್ವಲ್ಪ ಸುಮಾರಾದರೂ ಪರವಾಗಿಲ್ಲ. ಮುಂದಿನ ಭಾನುವಾರ ಅಮ್ಮ ಇನ್ನೂ ಇಲ್ಲೇ ಇರುತ್ತಾರೆ.