ಮಕ್ಕಳ ಮನಸ್ಸಿನ ಕಷ್ಟ ಕೇಳೋಕೆ ಕ್ಲಾಸ್ ಟೀಚರೇ ಸಾಕಾ?

ಪರ: ಮಡಿಕೇರಿ ಕಡೆಯ ಒಬ್ಬ ಮೇಷ್ಟ್ರು

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿಯಿತಲ್ಲ, ಅದರ ಮರುವರ್ಷದ ಮಳೆಗಾಲ. ಹೆಂಚಿನ ಮೇಲೆ ಮಳೆ ಜೋರಾದರೆ ಎಂಟನೇ ಕ್ಲಾಸಿನ ಒಬ್ಬ ಹುಡುಗ ಬರೆಯುವುದನ್ನೇ ನಿಲ್ಲಿಸುತ್ತಿದ್ದ. ಬ್ಯಾಗು ತೊಡೆ ಮೇಲೆ ಇಟ್ಟುಕೊಂಡು ಬಾಗಿಲು ನೋಡುತ್ತಾ ಕೂರುತ್ತಿದ್ದ. ಅವನನ್ನು ಬಾಗಿಲ ಪಕ್ಕದ ಬೆಂಚಿಗೆ ಕೂರಿಸಿದೆ, ಅಷ್ಟೇ. ಸ್ವಲ್ಪ ದಿನಕ್ಕೆ ಬ್ಯಾಗು ಕೆಳಗಿಳಿಯಿತು.

ಇದನ್ನು ಹೊರಗಿನಿಂದ ಆಗಾಗ ಬಂದು ಹೋಗುವ ಕೌನ್ಸೆಲರ್ ಗಮನಿಸುತ್ತಿದ್ದರಾ? ನಿಮ್ಹಾನ್ಸ್ ನಡೆಸಿದ 2015-16ರ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಮಾನಸಿಕ ತೊಂದರೆ ಕಂಡಿತ್ತು. 40 ಮಕ್ಕಳ ಕ್ಲಾಸಿನಲ್ಲಿ ಇಬ್ಬರೋ ಮೂವರೋ ಆಯಿತು. 2022ರಿಂದ ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ (14416) ಇದೆ, ನಿಜ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಆದರೆ ಲೈನ್‌ಮನೆಯ (ತೋಟದ ಕೆಲಸಗಾರರ ಸಾಲುಮನೆ) ಹುಡುಗಿಗೆ ಫೋನ್ ಸಿಗುವುದು ಅಪ್ಪ ತೋಟದಿಂದ ಬಂದ ಮೇಲೆ. ಅದೂ ಕರೆಂಟು, ನೆಟ್‌ವರ್ಕ್ ಎರಡೂ ಇದ್ದರೆ. ಆ ನಂಬರ್ ಒತ್ತಿ ಕೈಗೆ ಕೊಡೋಕಾದರೂ ಒಬ್ಬರು ಬೇಕಲ್ವಾ?

ವಿರೋಧ: ಕೊಡಗಿನ ಸಿದ್ದಾಪುರ ಕಡೆಯ ಒಬ್ಬ ತಾಯಿ

ಟೀಚರ್ ಮೇಲೆ ನನಗೆ ಸಿಟ್ಟಿಲ್ಲ. ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ನಿದ್ದೆ ಬರ್ತಿಲ್ಲ, ಏನೂ ಬೇಡ ಅನಿಸುತ್ತೆ ಎಂದು ಅವರ ಹತ್ತಿರ ಹೇಳಿಕೊಂಡಿದ್ದಳು. ಅವರು ಸ್ಟಾಫ್ ರೂಮಿನಲ್ಲಿ ಯಾರನ್ನೋ ಸಲಹೆ ಕೇಳಿದ್ದಾರೆ, ಒಳ್ಳೆಯ ಮನಸ್ಸಿನಿಂದಲೇ. ನನಗೆ ವಿಷಯ ಗೊತ್ತಾಗಿದ್ದು ಸಂತೆಯಲ್ಲಿ. ಬೀನ್ಸ್ ಆರಿಸುತ್ತಿದ್ದೆ. ಪಕ್ಕದಲ್ಲಿದ್ದ ಅಕ್ಕ, "ಮಗಳಿಗೆ ತಲೆ ಸರಿ ಇಲ್ವಂತೆ, ಹೌದಾ?" ಎಂದರು.

ನಮ್ಮ ಊರುಗಳು ಇಷ್ಟೇ. ಎಲ್ಲರಿಗೂ ಎಲ್ಲರೂ ಗೊತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆ ಕೊಡುವವರು ಗುಟ್ಟು ಕಾಪಾಡಬೇಕು ಎನ್ನುತ್ತದೆ. ಸ್ಟಾಫ್ ರೂಮಿಗೆ ಆ ಕಟ್ಟುಪಾಡು ಎಲ್ಲಿದೆ? ಇನ್ನೊಂದು, ಎಸ್ಸೆಸ್ಸೆಲ್ಸಿ ಗಣಿತಕ್ಕೆ 20 ಇಂಟರ್ನಲ್ ಮಾರ್ಕ್ಸ್ ಹಾಕುವವರ ಹತ್ತಿರ ಯಾವ ಮಗು ಬಾಯಿ ಬಿಡುತ್ತದೆ? ಗಲಾಟೆ ಮಾಡುವವರು ಹೇಗೋ ಕಣ್ಣಿಗೆ ಬೀಳುತ್ತಾರೆ. ಸುಮ್ನೆ ಕೂತವಳಿಗೆ "ಒಳ್ಳೆ ಶಿಸ್ತು" ಎಂದು ಹೊಗಳಿಕೆ! ನನ್ನ ಮಗಳಿಗೂ ಒಂದು ವರ್ಷ ಅದೇ ಸಿಕ್ಕಿತ್ತು.

ಹದಿನೈದು ದಿನಕ್ಕೊಮ್ಮೆ ಆದರೂ ಸರಿ, ಬೇರೆ ಊರಿನಿಂದ ಕಲಿತವರೊಬ್ಬರು ಶಾಲೆಗೆ ಬರಲಿ. ಮಾರ್ಕ್ಸ್ ಹಾಕದವರು, ನಮ್ಮ ಮನೆ ಗೊತ್ತಿಲ್ಲದವರು. ನಾವು ಕೊನೆಗೆ ಮಡಿಕೇರಿಗೆ ಹೋಗಿ ಡಾಕ್ಟರಿಗೆ ತೋರಿಸಿದೆವು. ಬಸ್ಸಿನಲ್ಲಿ ಕೇಳಿದವರಿಗೆಲ್ಲ "ಕಣ್ಣು ಟೆಸ್ಟ್" ಎಂದೆ. ಈಗ ಅವಳು ಪರವಾಗಿಲ್ಲ, ನಿದ್ದೆ ಮಾಡುತ್ತಾಳೆ.

ಅವಳಿಗೆ ಮೊದಲು ಹೇಳಬೇಕು ಅನಿಸಿದ್ದು ಆ ಟೀಚರಿಗೇ, ನನಗಲ್ಲ. ಅದನ್ನು ಒಪ್ಪುತ್ತೇನೆ. ಆದರೆ ಅವರ ಪೀರಿಯಡ್‌ನಲ್ಲಿ ಅವಳು ಇವತ್ತಿಗೂ ತಲೆ ಎತ್ತುವುದಿಲ್ಲ.