ಚಿತ್ರ ತೆಗೆದವರಿಗೂ ಹೆಸರಿದೆ

ಲೇಖನದ ಕೆಳಗೆ ‘ಚಿತ್ರಕೃಪೆ: ಅಂತರ್ಜಾಲ’ ಎಂದು ಹಾಕಿ ಕೈತೊಳೆದುಕೊಳ್ಳುವುದನ್ನು ಕಂಡಾಗಲೆಲ್ಲ ಸಿಟ್ಟು ನೆತ್ತಿಗೇರುತ್ತದೆ. ಅಂತರ್ಜಾಲ ಫೋಟೊ ತೆಗೆಯುತ್ತದೆಯೇ? ಕಬಿನಿ ಹಿನ್ನೀರಿಗೆ ಬರುವ ಆನೆ ಹಿಂಡಿಗಾಗಿ ಬೇಸಿಗೆಯ ಬಿಸಿಲಲ್ಲಿ ಯಾರೋ ಗಂಟೆಗಟ್ಟಲೆ ಕಾದಿರುತ್ತಾರೆ. ಮೂಲೆಯಲ್ಲಿದ್ದ ಅವರ ಹೆಸರನ್ನು ಕತ್ತರಿಸಿ, ಆ ಜಾಗದಲ್ಲಿ ತಮ್ಮ ಪುಟದ ಲಾಂಛನ ಅಂಟಿಸುವವರೂ ಇದ್ದಾರೆ. ಹಾಡಹಗಲ ಕಳವು ಇದು! ವಿಕಿಮೀಡಿಯ ಕಾಮನ್ಸ್ ಎಂಬ ಮುಕ್ತ ಜಾಲತಾಣದಲ್ಲಿ ಎಷ್ಟೋ ಚಿತ್ರಗಳು ಪುಕ್ಕಟೆ ಸಿಗುತ್ತವೆ. ತೆಗೆದವರ ಹೆಸರು, ಬಳಕೆಯ ಪರವಾನಗಿ ನಮೂದಿಸಿ ಎಂಬುದೇ ಹೆಚ್ಚಿನವುಗಳ ಮುಖ್ಯ ಷರತ್ತು. ಅದಕ್ಕೂ ಸೋಮಾರಿತನ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಹಕ್ಕು ಮಾರಿದ ಮೇಲೂ ‘ಈ ಕೃತಿ ನನ್ನದು’ ಎನ್ನುವ ಅಧಿಕಾರ ಕರ್ತೃವಿಗೆ ಉಳಿಯುತ್ತದೆ. ಹೆಸರು ಗೊತ್ತಿಲ್ಲವೇ? ಹುಡುಕಿ, ಕೇಳಿ. ಸಿಗದಿದ್ದರೆ ಆ ಚಿತ್ರ ಬಳಸಲೇಬೇಡಿ.