ಕಣ್ಣು ಮಿಟುಕಿಸ್ರಿ ಸಾಹೇಬ್ರ, ಸರ್ಕಾರ ನೋಡಾಕತ್ತೈತಿ

ನವೆಂಬರ್ ಬಂತು. ನಮಗೆಲ್ಲ ಇದು ರಾಜ್ಯೋತ್ಸವದ ತಿಂಗಳು. ಆಟೋಗಳಿಗೆ ಹಳದಿ-ಕೆಂಪು ಬಾವುಟ, ಸರ್ಕಲ್ಲಿಗೊಂದು ಆರ್ಕೆಸ್ಟ್ರಾ, ಪ್ರಶಸ್ತಿ ಸಿಕ್ಕವರಿಗೆ ಶಾಲು, ಸಿಗದವರಿಗೆ ಮುಂದಿನ ವರ್ಷದ ಲಾಬಿ. ಪಿಂಚಣಿದಾರರಿಗೆ ಮಾತ್ರ ಇದು ಉಸಿರಾಟದ ತಿಂಗಳು. ಅದು ಇನ್ನೂ ನಡೆದಿದೆ ಎಂದು ಸರ್ಕಾರಕ್ಕೆ ರುಜುವಾತು ಮಾಡಬೇಕು. 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಬಾಗಿಲು ತೆರೆದಿರುತ್ತದೆ. ಆ ವಯಸ್ಸಿನವರನ್ನು ನವೆಂಬರ್‌ವರೆಗೆ ಕಾಯಿಸಿದರೆ ಗಿರಾಕಿ ತಪ್ಪಿಹೋದಾನು ಎಂದು ಯಾರೋ ದೂರದೃಷ್ಟಿಯ ಅಧಿಕಾರಿ ಯೋಚಿಸಿರಬೇಕು. ಅವರಿಗೊಂದು ಶಾಲು ಹೊದಿಸಬಹುದಿತ್ತು.

ಈ ಕೆಲಸವನ್ನು ಸರ್ಕಾರ ಕಾಟಾಚಾರಕ್ಕೆ ಮಾಡುತ್ತಿಲ್ಲ, ಅಭಿಯಾನವಾಗಿ ಮಾಡುತ್ತಿದೆ. 2014ರ ನವೆಂಬರ್‌ನಲ್ಲಿ ಬದುಕಿದ್ದೇನೆ ಎಂದು ಸಾರುವ ಡಿಜಿಟಲ್ ಪ್ರಮಾಣಪತ್ರ ‘ಜೀವನ್ ಪ್ರಮಾಣ್’ ಬಂತು. 2021ರಲ್ಲಿ ಫೋನಿಗೆ ಮುಖ ತೋರಿಸಿ ಬದುಕುವ ಸೌಲಭ್ಯ ಬಂತು. 2022ರಿಂದ ಪ್ರತಿ ನವೆಂಬರ್ ದೇಶವ್ಯಾಪಿ ಆಂದೋಲನ. ಅದಕ್ಕೆ ನಂಬರೂ ಉಂಟು: 2023ರದ್ದು 2.0, 2024ರದ್ದು 3.0. ಹಳೇ ವರ್ಶನ್ನಿನಲ್ಲಿ ಬದುಕಿರುವವರ ಗತಿ ಏನೆಂದು ಯಾರೂ ಹೇಳಿಲ್ಲ. ಚಿತ್ರಗುಪ್ತ ಎಷ್ಟೇ ಖಡಕ್ ಗುಮಾಸ್ತನಾದರೂ ಮನುಷ್ಯ ಸತ್ತ ಮೇಲಷ್ಟೇ ಕಡತ ಬಿಚ್ಚುತ್ತಾನೆ.

ಮಾಸ್ತರರು, ಅಂಚೆಯಣ್ಣಂದಿರು ಎಲ್ಲರೂ ಈ ಸಾಲಿನಲ್ಲಿ ನಿಲ್ಲುತ್ತಾರೆ. ಆದರೆ ನನಗೆ ಇಷ್ಟ ಮಾಜಿ ಸೈನಿಕರ ಸಾಲು. ಮರಾಠಾ ಲೈಟ್ ಇನ್‌ಫಂಟ್ರಿಯ ಸೆಂಟರ್ ಇರುವ ಬೆಳಗಾವಿ ಸೀಮೆಯಲ್ಲಿ ಫೌಜಿ ಇಲ್ಲದ ಊರು ಹುಡುಕುವುದೇ ಕಷ್ಟ. ಬಸ್‌ ಸ್ಟ್ಯಾಂಡ್ ಹಿಂದಿನ ಝೆರಾಕ್ಸ್ ಅಂಗಡಿಯಲ್ಲಿ ನವೆಂಬರ್ ಮೊದಲ ವಾರ ಇವರೆಲ್ಲ ಕೂಡುತ್ತಾರೆ. ಮರಾಠಾದ ಸುಬೇದಾರ್ ಸಾಹೇಬರು, ಮದ್ರಾಸ್ ಸ್ಯಾಪರ್ಸ್‌ನ ತಂಬಿ (ಸೇತುವೆ ಕಟ್ಟುವ, ಮೈನ್ ತೆಗೆಯುವ ಈ ದಳದವರಿಗೆಲ್ಲ ಸೈನ್ಯದಲ್ಲಿ ಅದೇ ಹೆಸರು, ಮೊಮ್ಮಗ ಹುಟ್ಟಿದರೂ ತಂಬಿಯೇ), ಲಡಾಖಿನಲ್ಲಿ ಟ್ರಕ್ ಓಡಿಸಿದ ಎಎಸ್‌ಸಿ (ಸೈನ್ಯದ ಸರಬರಾಜು ದಳ) ಡ್ರೈವರ್, ಸಂಪರ್ಕ ದಳವಾದ ಸಿಗ್ನಲ್ಸ್‌ನ ಹವಾಲ್ದಾರ. ಈ ಹವಾಲ್ದಾರನ ಮೊಬೈಲಿಗೆ ಮಾತ್ರ ಅಲ್ಲಿ ಸಿಗ್ನಲ್ ಸಿಗುವುದಿಲ್ಲ. ಈ ತಮಾಷೆ ಪ್ರತಿವರ್ಷ ನಡೆಯುತ್ತದೆ, ಪ್ರತಿವರ್ಷ ಎಲ್ಲರೂ ಹೊಸದೆಂಬಂತೆ ನಗುತ್ತಾರೆ.

ಅಂಗಡಿ ಹುಡುಗ ಸುಬೇದಾರ್ ಸಾಹೇಬರ ಮುಖದ ಮುಂದೆ ಫೋನ್ ಹಿಡಿಯುತ್ತಾನೆ.

“ಅಜ್ಜಾರ, ಕಣ್ಣು ಮಿಟುಕಿಸ್ರಿ.”

ಸಾಹೇಬರು ಎದೆಯುಬ್ಬಿಸಿ ನೆಟ್ಟ ನೋಟದಲ್ಲಿ ಫೋನನ್ನೇ ದಿಟ್ಟಿಸುತ್ತಾರೆ. ಫೋನು ಹೆದರಿ ಗುಂಡಗೆ ತಿರುಗುತ್ತದೆ.

“ಮಿಟುಕಿಸ್ರಿ ಅಜ್ಜಾರ!”

“ತಮ್ಮಾ, ಸೆಂಟ್ರಿ ಡ್ಯೂಟಿಯೊಳಗ ಕಣ್ಣು ಮುಚ್ಚಿದ್ರ ಬೆನ್ನಿಗೆ ಭಾರದ ಪಿಟ್ಟು ಚೀಲ ಕಟ್ಟಿ ಓಡಸ್ತಿದ್ರು. ಈಗ ಮುಚ್ಚಲಿಲ್ಲಂದ್ರ ಪೆನ್ಶನ್ ಬಂದ್ ಮಾಡ್ತೀರಿ. ಯಾವುದರ ಒಂದು ಹೇಳ್ರಲೇ.”

ಕೊನೆಗೆ ಮಿಟುಕಿಸಿದರು. ಒಂದೇ ಕಣ್ಣು. ಇನ್ನೊಂದಕ್ಕೆ ಪೊರೆಯ ಆಪರೇಷನ್ ಆಗಿ ಹಸಿರು ಪಟ್ಟಿ. ಒಂದೇ ಕಣ್ಣು ಹೊಡೆಯುವ 76ರ ಗಂಡಸನ್ನು ಭಾರತ ಸರ್ಕಾರ ಒಪ್ಪಿಕೊಳ್ಳಲಿಲ್ಲ. ಪಕ್ಕದಲ್ಲಿ ತಂಬಿಯ ಹೆಬ್ಬೆಟ್ಟು ಮಷೀನಿನ ಗಾಜಿನ ಮೇಲೆ ಒತ್ತಿ ಒತ್ತಿ ಬೆಳ್ಳಗಾಗಿದೆ. ಬೆರಳಿನ ಗೆರೆ ಸವೆದುಹೋಗಿದೆ ಎನ್ನುತ್ತದೆ ಮಷೀನು. “ಮೈನ್ ತಗದ ಬೆರಳ ಇದು. ಗೆರಿ ಹೋದ್ರ ಹೋಗ್ಲಿ, ಬೆರಳ ಉಳದೈತಲ್ಲ!”

ಆಗ ಸುಬೇದಾರ್ ಸಾಹೇಬರು ಹಳೇ ಪರೇಡ್ ದನಿಯಲ್ಲಿ, ಅಂಗಡಿಯ ಗಾಜು ನಡುಗುವಂತೆ, “ಜೋ ಜಿಂದಾ ಹೈ, ಏಕ್ ಕದಮ್ ಆಗೇ!” ಎನ್ನುತ್ತಾರೆ. ಒಬ್ಬರೂ ಅಲುಗುವುದಿಲ್ಲ. ಹಿಂದಿನಿಂದ ಡ್ರೈವರನ ದನಿ: “ಇನ್ನೂ ರಿಸಲ್ಟ್ ಬಂದಿಲ್ಲ ಸಾಬ್.”

ನಿಯಮವೂ ಒಂದಿದೆ. ಯಾರ ಫೋನಿಗೆ ಪ್ರಮಾಣಪತ್ರದ ಮೆಸೇಜು ಬರುತ್ತದೋ ಅವನು ಎಲ್ಲರಿಗೂ ಚಹಾ ಕುಡಿಸಬೇಕು. ಫೇಲಾದವನು ಬಿಟ್ಟಿ ಕುಡಿಯಬಹುದು. ಸತ್ತವನ ಹತ್ತಿರ ರೊಕ್ಕ ಕೇಳುವುದು ನಮ್ಮಲ್ಲಿ ಪದ್ಧತಿ ಇಲ್ಲ.

ಇದು ಬರೀ ಅಂಗಡಿಯ ಗೋಳಲ್ಲ. ಮಾಜಿ ಸೈನಿಕರ ಪಿಂಚಣಿಯೆಲ್ಲ ಬ್ಯಾಂಕುಗಳಿಂದ ‘ಸ್ಪರ್ಶ್’ ಎಂಬ ಹೊಸ ವ್ಯವಸ್ಥೆಗೆ ಸಾಗುತ್ತಿದ್ದಾಗ, 2022ರ ಏಪ್ರಿಲ್‌ನಲ್ಲಿ, 58 ಸಾವಿರಕ್ಕೂ ಹೆಚ್ಚು ಮಂದಿಗೆ ಆ ತಿಂಗಳ ಪಿಂಚಣಿ ಬರಲಿಲ್ಲ. ವಾರ್ಷಿಕ ಗುರುತಿನ ಪರಿಶೀಲನೆ ಆಗಿಲ್ಲವಂತೆ. ಗಲಾಟೆಯಾಯಿತು. ರಕ್ಷಣಾ ಸಚಿವಾಲಯ ಮೇ 25ರವರೆಗೆ ಒಂದು ಬಾರಿಯ ವಿಶೇಷ ವಿನಾಯಿತಿ ಕೊಟ್ಟಿತು. ಪುನರ್ಜನ್ಮಕ್ಕೆ ಇಷ್ಟು ಸರಳ ಭಾಷೆ ಯಾವ ಪುರಾಣದಲ್ಲೂ ಇಲ್ಲ. ಕೊನೆಯ ದಿನಾಂಕ ಸಮೇತ.

ಡ್ರೈವರನದು ಬೇರೆ ಕಥೆ. ಸೈನ್ಯದಲ್ಲಿ ಪಾರ್ಟ್ ಟೂ ಆರ್ಡರಿನಲ್ಲಿ, ಅಂದರೆ ಸೈನಿಕನ ವೈಯಕ್ತಿಕ ವಿವರ ದಾಖಲಿಸುವ ಆದೇಶದಲ್ಲಿ, ಬರುವವರೆಗೆ ನಿಮ್ಮ ಮದುವೆ ಮದುವೆಯಲ್ಲ, ಹುಟ್ಟಿದ ಮಗು ಮಗುವಲ್ಲ. ಇವನ ಮದುವೆ ಅದರಲ್ಲಿ ಬಂದಿದೆ. ಆದರೆ ಹೆಂಡತಿಯ ಹೆಸರಿನ ಬಾಲದ ‘ವ್ವ’ ಆಧಾರದಲ್ಲಿದೆ, ಸೈನ್ಯದ ದಾಖಲೆಯಲ್ಲಿಲ್ಲ. ಹೀಗಾಗಿ ಕಾಗದದ ಪ್ರಕಾರ ಅವನಿಗೆ ಇಬ್ಬರು. ಈ ವಿಷಯ ಅಂಜುತ್ತ ಮನೆಯಲ್ಲಿ ಹೇಳಿದರೆ ಆಕೆ ತಲೆಯೆತ್ತಿ ನೋಡಲೂ ಇಲ್ಲವಂತೆ. “ಆ ಇನ್ನೊಬ್ಬಾಕೀನೂ ಕರಕೊಂಡ ಬರ್ರಿ, ಎಮ್ಮಿ ಹಿಂಡಾಕರ ಆಗ್ತಾಳ.”

ಈಗ ಸ್ವಾಗತದ ಮಾತಿಗೆ ಬರೋಣ. ಅದನ್ನು ಹೇಳದಿದ್ದರೆ ಊರಿನವರು ನನ್ನನ್ನು ದೇಶದ್ರೋಹಿ ಅಂದಾರು. ಉತ್ತರ ಕರ್ನಾಟಕದಲ್ಲಿ ಯೋಧ ನಿವೃತ್ತನಾಗಿ ಬಂದರೆ ಅದು ಜಾತ್ರೆ. ತೆರೆದ ಜೀಪು, ಡೊಳ್ಳು, ಡಿಜೆ, ಜೆಸಿಬಿಯ ಬಕೆಟ್ಟಿನಿಂದ ಹೂಮಳೆ. ಫ್ಲೆಕ್ಸಿನಲ್ಲಿ ಯೋಧನ ಫೋಟೋ ಅಂಗೈಯಷ್ಟು, ಶುಭಕೋರುವವರ ಫೋಟೋಗಳು ಬಾಗಿಲಿನಷ್ಟು. ಮಾಜಿ ಶಾಸಕರು ಹಾರ ಹಾಕುತ್ತಾರೆ, ಹಾಲಿ ಶಾಸಕರು ಅದಕ್ಕಿಂತ ದಪ್ಪದ ಹಾರ ಹಾಕುತ್ತಾರೆ. ನಲವತ್ತು ತುಂಬದ ಆ ಮನುಷ್ಯ ಜೀಪಿನ ಮೇಲೆ ನಿಂತು ಬಿಸಿಲಿನಲ್ಲಿ ಸೆಲ್ಯೂಟ್ ಹೊಡೆದೂ ಹೊಡೆದೂ ಕೈ ನೋಯಿಸಿಕೊಳ್ಳುತ್ತಾನೆ. ಶಾಲೆಯ ಮಕ್ಕಳು ‘ಬೋಲೋ ಭಾರತ್ ಮಾತಾಕೀ’ ಕೂಗುತ್ತಾರೆ. ನಿಜಕ್ಕೂ ಚೆಂದದ ದೃಶ್ಯ, ಗೇಲಿಗಲ್ಲ ಹೇಳುತ್ತಿರುವುದು. ಆ ಮಕ್ಕಳ ಕೂಗಿನಲ್ಲಿ ಸುಳ್ಳಿಲ್ಲ.

ಇದು ಭಾನುವಾರದ ಮಾತು. ಸೋಮವಾರ ಅದೇ ಮನುಷ್ಯ ತಾಲ್ಲೂಕು ಕಚೇರಿಯ ಕಿಟಕಿ ಮುಂದೆ ನಿಂತಿರುತ್ತಾನೆ. ಕರ್ನಾಟಕ ಭೂ ಮಂಜೂರಾತಿ ನಿಯಮಗಳು, 1969. ಅದರಲ್ಲಿ ಮಾಜಿ ಸೈನಿಕರಿಗೆ ಪಾಲು ಇಟ್ಟಿದ್ದಾರೆ. ಇಟ್ಟದ್ದು ಇಟ್ಟಲ್ಲೇ ಇದೆ. ಅರ್ಜಿ ಕೊಟ್ಟರೆ ಜಾಗ ಇಲ್ಲ ಅನ್ನುತ್ತಾರೆ. ಜಾಗ ತೋರಿಸಿದರೆ ಗೋಮಾಳ ಅನ್ನುತ್ತಾರೆ. ಗೋಮಾಳದಲ್ಲಿ ದನ ಎಲ್ಲಿದೆ, ಮೊನ್ನೆ ಹಾರ ಹಾಕಿದವರ ಕಬ್ಬು ಇದೆಯಲ್ಲ ಎಂದರೆ ಗುಮಾಸ್ತನಿಗೆ ಊಟದ ಹೊತ್ತಾಗುತ್ತದೆ. ಸುಬೇದಾರ್ ಸಾಹೇಬರ ಕಡತವೂ ಅಂಥದೊಂದು ಕಚೇರಿಯಲ್ಲಿದೆ. ಅದನ್ನು ಹೊಲಿದ ದಾರ ಎರಡು ಸಲ ಹರಿದಿದೆ ಎಂದು ಅವರು ಹೆಮ್ಮೆಯಿಂದ ಹೇಳುತ್ತಾರೆ. ಗುಡ್ಡದ ಮೇಲಿನ ಶತ್ರು ಪೋಸ್ಟನ್ನಾದರೂ ಒಂದು ರಾತ್ರಿಯಲ್ಲಿ ಹಿಡಿಯಬಹುದು, ಎರಡು ಎಕರೆ ಹಿಡಿಯಲಿಕ್ಕಾಗಲಿಲ್ಲ ಎನ್ನುತ್ತಾರೆ.

ನಮ್ಮ ತೊಂದರೆ ಇಷ್ಟೇ. ಹುತಾತ್ಮರಾದವರನ್ನು ಏನು ಮಾಡಬೇಕೆಂದು ನಮಗೆ ಚೆನ್ನಾಗಿ ಗೊತ್ತು. ಸರ್ಕಲ್ಲಿಗೆ ಹೆಸರಿಡುತ್ತೇವೆ, ಪುತ್ಥಳಿ ನಿಲ್ಲಿಸುತ್ತೇವೆ, ಪುತ್ಥಳಿ ಯಾವ ದಿಕ್ಕಿಗೆ ಮುಖ ಮಾಡಬೇಕೆಂದು ಜಗಳಾಡುತ್ತೇವೆ. ಬದುಕಿ ಬಂದವರನ್ನು ಏನು ಮಾಡುವುದೆಂದೇ ತಿಳಿಯುವುದಿಲ್ಲ. ಅದಕ್ಕೇ ಗೇಟಿನಲ್ಲಿ ನಿಲ್ಲಿಸುತ್ತೇವೆ.

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಬೇಕಾದರೂ ಹೋಗಿ, ಎಟಿಎಂಗೆ ಬೇಕಾದರೂ ಹೋಗಿ. ನೀಲಿ ಅಂಗಿಯ ಒಳಗೆ ಬೆನ್ನು ನೆಟ್ಟಗಿಟ್ಟುಕೊಂಡ ಒಬ್ಬ ಇದ್ದರೆ ಅವನು ನಮ್ಮವನೇ. 12 ತಾಸಿನ ಡ್ಯೂಟಿ, ಒಂದು ಪ್ಲಾಸ್ಟಿಕ್ ಕುರ್ಚಿ, ದಾರ ಕಟ್ಟಿದ ಪೆನ್ನು. ಕಾರಿನ ಹಿಂದೆ ‘ನನ್ನ ಸೈನ್ಯ ನನ್ನ ಹೆಮ್ಮೆ’ ಸ್ಟಿಕರ್ ಅಂಟಿಸಿಕೊಂಡ ಹುಡುಗ ರಿಜಿಸ್ಟರಿನಲ್ಲಿ ಹೆಸರು ಬರೆಯಿರಿ ಅಂದದ್ದಕ್ಕೆ “ನಾನ್ಯಾರು ಗೊತ್ತೇನಯ್ಯಾ?” ಅನ್ನುತ್ತಾನೆ. ಸಿಗ್ನಲ್ಸ್‌ನ ಹವಾಲ್ದಾರ ಎರಡು ವರ್ಷ ಅಂಥ ಗೇಟಿನಲ್ಲಿದ್ದ. ಈ ಪ್ರಶ್ನೆ ಬಂದಾಗಲೆಲ್ಲ ತಕ್ಷಣ ಇಂಟರ್‌ಕಾಮ್ ಎತ್ತಿ “ಸರ್, ಗೇಟಿನಲ್ಲಿ ಒಬ್ಬರಿಗೆ ತಾವು ಯಾರೆಂದು ಮರೆತುಹೋಗಿದೆ” ಎಂದು ಅಸೋಸಿಯೇಷನ್ ಕಾರ್ಯದರ್ಶಿಗೆ ವರದಿ ಮಾಡುತ್ತಿದ್ದನಂತೆ. ನೌಕರಿ ಹೋಯಿತು. ಈ ಕಥೆಯನ್ನು ಅವನು ಪದಕದಂತೆ ತೋರಿಸುತ್ತಾನೆ.

2022ರ ಜೂನ್‌ನಲ್ಲಿ, ಸೈನ್ಯಕ್ಕೆ ನಾಲ್ಕು ವರ್ಷದ ಮಟ್ಟಿಗೆ ‘ಅಗ್ನಿವೀರ’ರನ್ನು ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆ ಬಂದ ವಾರದಲ್ಲೇ ಕೇಂದ್ರದ ಆಡಳಿತ ಪಕ್ಷದ ರಾಷ್ಟ್ರೀಯ ಪ್ರಧಾನ ಕಾರ್ಯದರ್ಶಿಯೊಬ್ಬರು, ಪಕ್ಷದ ಕಚೇರಿಗೆ ಸೆಕ್ಯುರಿಟಿ ಬೇಕಾದರೆ ಅಗ್ನಿವೀರನಿಗೇ ಆದ್ಯತೆ ಕೊಡುತ್ತೇನೆ ಎಂದರು. ಎಲ್ಲರೂ ಅವರ ಮೇಲೆ ಬಿದ್ದರು. ನಾನು ಬೀಳುವುದಿಲ್ಲ. ನಾಲ್ಕು ವರ್ಷ ಆದ ಮೇಲೆ ಕಾಯಂ ಆಗುವವರು 25 ಶೇಕಡಾ, ಉಳಿದವರಿಗೆ ಕಾದಿರುವುದು ಯಾವ ಗೇಟು ಎಂದು ಅವರೊಬ್ಬರಾದರೂ ಪ್ರಾಮಾಣಿಕವಾಗಿ ಹೇಳಿದರು. ಅದೇ ವಾರ ದೊಡ್ಡ ಉದ್ಯಮಿಗಳು ಅಗ್ನಿವೀರರಿಗೆ ನೌಕರಿ ಕೊಡುತ್ತೇವೆ ಎಂದು ಟ್ವೀಟ್ ಮಾಡಿದಾಗ ನಿವೃತ್ತ ಅಧಿಕಾರಿಗಳು ಕೇಳಿದ್ದು ಒಂದೇ: ಈಗಾಗಲೇ ನಿವೃತ್ತರಾಗಿ ಕುಳಿತವರಲ್ಲಿ ಎಷ್ಟು ಜನಕ್ಕೆ ಕೊಟ್ಟಿದ್ದೀರಿ?

ಜವಾನರ ಗತಿ ಮಾತ್ರ ಹೀಗೆ, ದೊಡ್ಡವರದು ಚೆನ್ನ ಎಂದುಕೊಳ್ಳಬೇಡಿ. ಸ್ಯಾಮ್ ಮಾಣೆಕ್‌ಷಾ 1973ರಲ್ಲಿ ಫೀಲ್ಡ್ ಮಾರ್ಷಲ್ ಆದರು. ಆ ಪದವಿಗೆ ನಿವೃತ್ತಿಯೇ ಇಲ್ಲ, ಆಜೀವ ಸಂಬಳ. ಅದರ ಬಾಕಿ, ಕೋಟಿ ಮೀರಿದ ಮೊತ್ತ, ಅವರ ಕೈ ಸೇರಿದ್ದು 2007ರಲ್ಲಿ. ಮರುವರ್ಷ ವೆಲ್ಲಿಂಗ್ಟನ್ನಿನಲ್ಲಿ ತೀರಿಕೊಂಡಾಗ ಅಂತ್ಯಕ್ರಿಯೆಗೆ ರಾಷ್ಟ್ರಪತಿ, ಪ್ರಧಾನಿ, ರಕ್ಷಣಾ ಸಚಿವ, ಮೂವರಲ್ಲಿ ಯಾರೂ ಬರಲಿಲ್ಲ. ಝೆರಾಕ್ಸ್ ಅಂಗಡಿಯಲ್ಲಿ ಯಾರಾದರೂ ಗೊಣಗಿದರೆ ಸುಬೇದಾರ್ ಸಾಹೇಬರು ಈ ಉದಾಹರಣೆ ಎತ್ತಿ ಬಾಯಿ ಮುಚ್ಚಿಸುತ್ತಾರೆ. “ಫೀಲ್ಡ್ ಮಾರ್ಷಲ್ ಮೂವತ್ತು ವರ್ಷದ ಮ್ಯಾಲೆ ಕಾದ್ರು. ನೀ ಯಾವ ಜನರಲ್ಲೋ?”

ಇಷ್ಟು ಹೊತ್ತು ನಗಿಸಿದೆ. ಆದರೆ 2015ರ ಆಗಸ್ಟ್ 14 ನೆನಪಾದರೆ ನನಗೆ ನಗು ಬರುವುದಿಲ್ಲ. ಸಮಾನ ಶ್ರೇಣಿಗೆ ಸಮಾನ ಪಿಂಚಣಿ ಕೇಳಿ ಎರಡು ತಿಂಗಳಿಂದ ಜಂತರ್ ಮಂತರ್‌ನಲ್ಲಿ ಕುಳಿತಿದ್ದ ಮುದುಕರನ್ನು ದೆಹಲಿ ಪೊಲೀಸರು ಎಬ್ಬಿಸಲು ಹೋದರು. ಕಾರಣ, ಸ್ವಾತಂತ್ರ್ಯ ದಿನದ ಭದ್ರತೆ. ಯಾರಿಂದ ಭದ್ರತೆ? ಎದೆಯ ಮೇಲೆ ಪದಕ ಧರಿಸಿ ಕುಳಿತವರಿಂದ. ಮರುದಿನ ಕೆಂಪುಕೋಟೆಯ ಭಾಷಣದಲ್ಲಿ ಯೋಧರಿಗೆ ನಮನವೂ ಆಯಿತು. 2019ರಲ್ಲಿ ತೆರಿಗೆ ಮಂಡಳಿ ಒಂದು ಸುತ್ತೋಲೆ ಹೊರಡಿಸಿತು. ಅಂಗವೈಕಲ್ಯದ ಕಾರಣಕ್ಕೆ ಸೇವೆಯಿಂದ ಕಳಿಸಲ್ಪಟ್ಟವನ ವೈಕಲ್ಯ ಪಿಂಚಣಿಗೆ ತೆರಿಗೆ ಇಲ್ಲ, ಗಾಯವಿಟ್ಟುಕೊಂಡೇ ಅವಧಿ ಮುಗಿಸಿದವನಿಗೆ ತೆರಿಗೆ ಉಂಟು. ಕುಂಟುತ್ತ ಡ್ಯೂಟಿ ಮಾಡಿದ್ದೇ ಅವನ ತಪ್ಪು. ಸುಪ್ರೀಂ ಕೋರ್ಟು ಯಥಾಸ್ಥಿತಿ ಕಾಯ್ದುಕೊಳ್ಳಿ ಎನ್ನಬೇಕಾಯಿತು. ಇದನ್ನು ಬರೆದವರು ಯಾರೋ ಒಬ್ಬರು ಎಸಿ ಕೋಣೆಯಲ್ಲಿ ಕುಳಿತು, ಓದಿ ನೋಡಿ, ಸರಿಯಾಗಿದೆ ಎಂದು ಸಹಿ ಹಾಕಿದ್ದಾರೆ. ಸಾಕಾಗಿದೆ.

ಜವಾನರ ಬಗ್ಗೆ ನಾಗರಿಕ ಸಮಾಜಕ್ಕೆ ಗೌರವ ಇಲ್ಲವೇ ಇಲ್ಲ ಎನ್ನುವುದೂ ತಪ್ಪು. ಮಿಲಿಟರಿ ಕ್ಯಾಂಟೀನಿನಲ್ಲಿ ಅವರಿಗೆ ಸಿಗುವ ಮದ್ಯದ ಕೋಟಾದ ಬಗ್ಗೆ ಅಪಾರ ಗೌರವವಿದೆ. ಬೀಗರು, ಬಿಲ್ ಕಲೆಕ್ಟರು, ಮೋಟರ್ ಸೈಕಲ್ ಮೆಕ್ಯಾನಿಕ್ಕು, ಎಲ್ಲರೂ ತಿಂಗಳ ಮೊದಲ ವಾರ ದೇಶಭಕ್ತರಾಗುತ್ತಾರೆ. ಕಳೆದ ದಸರಾಕ್ಕೆ ತಾಲ್ಲೂಕು ಕಚೇರಿಯ ಗುಮಾಸ್ತನೇ ಸುಬೇದಾರ್ ಸಾಹೇಬರಿಗೆ ಫೋನ್ ಮಾಡಿದನಂತೆ, ಬಹಳ ನಯವಾಗಿ.

“ಸಾಹೇಬ್ರ, ಮಿಲಿಟರಿ ರಮ್ ಎರಡು ಬಾಟ್ಲಿ ಸಿಗ್ತಾವೇನ್ರಿ?”

“ಯಾಕ ಸಿಗೂದುಲ್ಲರಿ? ಒಂದು ಅರ್ಜಿ ಬರೀರಿ. ಜೋಡಿ ಆಧಾರ, ಪಹಣಿ, ಎರಡು ಫೋಟೋ ಹಚ್ಚರಿ. ಜಾಗಾ ಖಾಲಿ... ಅಲ್ಲ, ಬಾಟ್ಲಿ ಖಾಲಿ ಅದಾವೇನ ಅಂತ ಸರ್ವೇ ಮಾಡಸ್ತೀನಿ. ಆಮ್ಯಾಲೆ ಮ್ಯಾಲಿನವರಿಗೆ ಕಳಸ್ತೀನಿ. ನಡುವ ಬಂದು ವಿಚಾರಿಸಾಕ ಹತ್ತಬ್ಯಾಡ್ರಿ, ನಾವ ತಿಳಸ್ತೀವಿ.”